10 ಗಿಗಾಬಿಟ್ ಪೋರ್ಟಿನಲ್ಲಿ 5 ಮಾತ್ರ ಏಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಿಸ್ಕೋ ನೆಕ್ಸಸ್ 7000 ಸ್ವಿಚ್ಚಿನಲ್ಲಿ 32 ಪೋರ್ಟಿನ 10 ಗಿಗಾಬಿಟ್ ಎಂ1 ಕಾರ್ಡ್ ಇದೆ. 1 ಮತ್ತು 3ನೇ ಪೋರ್ಟಿಗೆ ಎರಡು ಸ್ಟೋರೇಜ್ ಸರ್ವರ್ ಹಾಕಿದ್ದೇವೆ. ಒಂದೊಂದೇ ಓಡಿಸಿದರೆ 10ರ ಹತ್ತಿರ ಬರುತ್ತದೆ, ಒಟ್ಟಿಗೆ ಓಡಿಸಿದರೆ ತಲಾ 5ಕ್ಕೆ ಇಳಿಯುತ್ತದೆ. ಲಿಂಕ್ ಮಾತ್ರ 10 ಎಂದೇ ತೋರಿಸುತ್ತದೆ. ಕೇಬಲ್ ಬದಲಿಸಿದರೂ ಫಲವಿಲ್ಲ.

ಉತ್ತರ: ಕೇಬಲ್ಲಿನ ತಪ್ಪಲ್ಲ. ಲಿಂಕ್ ವೇಗ ಹೇಳುವುದು ಸರ್ವರಿನಿಂದ ಪೋರ್ಟಿನವರೆಗಿನ ಮಾತು ಮಾತ್ರ. ಈ ಕಾರ್ಡಿನ ಮುಂದೆ 320 ಗಿಗಾಬಿಟ್ಟಿನಷ್ಟು ಪೋರ್ಟ್‌ಗಳಿವೆ, ಹಿಂದೆ ಫ್ಯಾಬ್ರಿಕ್ (ಸ್ವಿಚ್ಚಿನೊಳಗೆ ಕಾರ್ಡ್‌ಗಳನ್ನು ಜೋಡಿಸುವ ದಾರಿ) ಕಡೆಗೆ ಇರುವುದು 80. ಅಂದರೆ 4:1 ಓವರ್‌ಸಬ್‌ಸ್ಕ್ರಿಪ್ಷನ್, ಹಿಂದಿನ ದಾರಿಯ ನಾಲ್ಕು ಪಟ್ಟು ಪೋರ್ಟ್‌ಗಳು ಮುಂದೆ. ನಾಲ್ಕು ನಾಲ್ಕು ಪೋರ್ಟ್‌ಗಳ ಗುಂಪು ಒಂದೊಂದು 10 ಗಿಗಾಬಿಟ್ ದಾರಿಯನ್ನು ಹಂಚಿಕೊಳ್ಳುತ್ತದೆ. ಹೆಚ್ಚಿನವರು ಎಡವುವುದು ಗುಂಪಿನ ಲೆಕ್ಕದಲ್ಲಿ: ಇಲ್ಲಿ 1, 2, 3, 4 ಒಂದು ಗುಂಪಲ್ಲ. 1, 3, 5, 7 ಒಂದು ಗುಂಪು, 2, 4, 6, 8 ಇನ್ನೊಂದು. ನಿಮ್ಮ ಎರಡೂ ಸರ್ವರ್ ಒಂದೇ ಗುಂಪಿಗೆ ಬಿದ್ದಿವೆ. 3ರಲ್ಲಿರುವುದನ್ನು 2ಕ್ಕೆ ಸರಿಸಿದರೂ ಸಾಕು, ಇಬ್ಬರಿಗೂ ಬೇರೆ ಬೇರೆ ದಾರಿ ಸಿಗುತ್ತದೆ.

ಆ ದಾರಿಯಲ್ಲಿ ಮುಂದೆ ಯಾರೂ ಪಾಲು ಕೇಳಬಾರದು ಎಂದಿದ್ದರೆ ಗುಂಪಿನ ಮೊದಲ ಪೋರ್ಟಿಗೆ ರೇಟ್-ಮೋಡ್ ಡೆಡಿಕೇಟೆಡ್ ಎಂಬ ಆದೇಶ ಕೊಡಿ. ಆಗ ಉಳಿದ ಮೂರು ಪೋರ್ಟ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಅಲ್ಲಿರುವ ಕೇಬಲ್‌ಗಳನ್ನು ಮೊದಲೇ ಬೇರೆಡೆಗೆ ಸಾಗಿಸಿ. ಎಲ್ಲ ಗುಂಪುಗಳಿಗೂ ಹೀಗೆ ಮಾಡಿದರೆ 32 ಪೋರ್ಟಿನ ಕಾರ್ಡಿನಲ್ಲಿ ಉಳಿಯುವುದು 8: 1, 2, 9, 10, 17, 18, 25, 26. ಇಡೀ ಕಾರ್ಡಿಗೆ ಹಾಗೆ ಮಾಡುವುದು ನಮಗೆ ದುಂದು ಎನಿಸುತ್ತದೆ. ಸ್ಟೋರೇಜಿಗೆ ಮಾತ್ರ ಡೆಡಿಕೇಟೆಡ್ ಇರಲಿ. ಹಗಲು ದುಡಿಯುವ ಸರ್ವರ್, ರಾತ್ರಿ ಓಡುವ ಬ್ಯಾಕಪ್, ಹೆಚ್ಚು ಹೊರೆಯಿಲ್ಲದ ಮ್ಯಾನೇಜ್‌ಮೆಂಟ್ ಲಿಂಕ್ ಇವನ್ನು ಒಂದು ಗುಂಪಿನಲ್ಲಿ ಕೂಡಿಸಿದರೆ ಯಾರಿಗೂ ಕೊರತೆ ಆಗದು.

ಬೇರೆ ಕಾರ್ಡಿನ ಗುಂಪು ಗೊತ್ತಿಲ್ಲದಿದ್ದರೆ ಐಪರ್ಫ್ ಎಂಬ ವೇಗ ಅಳೆಯುವ ತಂತ್ರಾಂಶದಿಂದ ಅಳೆಯಿರಿ. ಎರಡು ಪೋರ್ಟಿಗೆ ಒಟ್ಟಿಗೆ ಹೊರೆ ಕೊಡಿ, ಎದುರು ಬದಿಯ ಯಂತ್ರಗಳು ಬೇರೆ ಕಾರ್ಡಿನಲ್ಲಿರಲಿ. ಮೊತ್ತ 10ರ ಬಳಿ ನಿಂತರೆ ಒಂದೇ ಗುಂಪು, 20ರ ಬಳಿ ಹೋದರೆ ಬೇರೆ. ಡಿಸ್ಕಾರ್ಡ್ ಕೌಂಟರ್ (ಸ್ವಿಚ್ ಚೆಲ್ಲಿದ ಪ್ಯಾಕೆಟ್‌ಗಳ ಎಣಿಕೆ) ಸೊನ್ನೆ ಇದೆ ಎಂದು ಹಂಚಿಕೆಯನ್ನು ತಳ್ಳಿಹಾಕಬೇಡಿ. ಫ್ಲೋ ಕಂಟ್ರೋಲ್ ಚಾಲೂ ಇದ್ದರೆ ಸ್ವಿಚ್ ಪ್ಯಾಕೆಟ್ ಚೆಲ್ಲುವ ಬದಲು ಪಾಝ್ (pause) ಫ್ರೇಮ್, ಅಂದರೆ ‘ಸ್ವಲ್ಪ ನಿಲ್ಲಿ’ ಎನ್ನುವ ಸಂದೇಶ ಕಳಿಸಿ ಸರ್ವರನ್ನೇ ತಡೆಯುತ್ತದೆ. ಪಾಝ್ ಕೌಂಟರನ್ನೂ ನೋಡಿ.

ಪ್ರಶ್ನೆ: ರ‍್ಯಾಕ್ ಸ್ವಿಚ್ಚಿನಲ್ಲಿ 25 ಗಿಗಾಬಿಟ್ಟಿನ 48 ಪೋರ್ಟ್, 100 ಗಿಗಾಬಿಟ್ಟಿನ 6 ಅಪ್‌ಲಿಂಕ್ (ರ‍್ಯಾಕಿನಿಂದ ಉಳಿದ ನೆಟ್‌ವರ್ಕಿಗೆ ಹೋಗುವ ಲಿಂಕ್). ಅಪ್‌ಲಿಂಕ್ ಗ್ರಾಫ್ ಶೇ. 30 ದಾಟುವುದಿಲ್ಲ, ಆದರೂ ಡಿಸ್ಕಾರ್ಡ್ ಏರುತ್ತಿದೆ. ಇನ್ನೆರಡು ಅಪ್‌ಲಿಂಕ್ ಸೇರಿಸಬೇಕೇ?

ಉತ್ತರ: ಮೊದಲು ಡಿಸ್ಕಾರ್ಡ್ ಯಾವ ಪೋರ್ಟಿನಲ್ಲಿ ಎಂದು ನೋಡಿ. ನಿಮ್ಮ ಅನುಪಾತ 1200ಕ್ಕೆ 600, ಅಂದರೆ 2:1. ಒಂದು ಅಪ್‌ಲಿಂಕ್ ಬಿದ್ದರೆ 2.4:1. ಸಾಮಾನ್ಯ ಕೆಲಸಗಳಿಗೆ ಇದು ಚೆನ್ನಾಗಿಯೇ ಇದೆ. ಅಪ್‌ಲಿಂಕಿನಿಂದ ಹೊರಹೋಗುವಾಗ ಪ್ಯಾಕೆಟ್ ಬೀಳುತ್ತಿದ್ದರೆ ಹೊಸ ಅಪ್‌ಲಿಂಕ್ ನೆರವಾದೀತು. ಸರ್ವರ್ ಪೋರ್ಟಿನಿಂದ ಹೊರಹೋಗುವಾಗ ಬೀಳುತ್ತಿದ್ದರೆ ಎಷ್ಟು ಅಪ್‌ಲಿಂಕ್ ಹಾಕಿದರೂ ಬಗೆಹರಿಯದು. ಅದು ಇನ್‌ಕಾಸ್ಟ್: ಒಂದು ಸರ್ವರ್ ಕೇಳಿದ್ದಕ್ಕೆ ಹಲವು ಸರ್ವರ್‌ಗಳು ಒಮ್ಮೆಲೇ ಉತ್ತರಿಸುವುದು.

ಲೆಕ್ಕ ಹಾಕಿ ನೋಡಿ. 8 ಸರ್ವರ್‌ಗಳು ತಲಾ 25ರಂತೆ ಕಳಿಸಿದರೆ ಬರುವುದು 200, ಹೋಗಬಲ್ಲದ್ದು 25. ಉಳಿದ 175 ಗಿಗಾಬಿಟ್ ಎಂದರೆ ಸೆಕೆಂಡಿಗೆ ಸುಮಾರು 22 ಗಿಗಾಬೈಟ್. ಸ್ವಿಚ್ಚಿನಲ್ಲಿ 12 ಮೆಗಾಬೈಟ್ ಬಫರ್ (ಪ್ಯಾಕೆಟ್‌ಗಳು ಕಾಯುವ ಮೆಮೊರಿ) ಇದೆ ಎಂದುಕೊಳ್ಳಿ, ಅದು ಪೂರ್ತಿ ಆ ಒಂದು ಪೋರ್ಟಿಗೇ ಸಿಕ್ಕಿದರೂ ಸುಮಾರು ಅರ್ಧ ಮಿಲಿಸೆಕೆಂಡಿನಲ್ಲಿ ತುಂಬುತ್ತದೆ, ಮತ್ತು ಹಂಚಿಕೆಯ ಬಫರಿನಲ್ಲಿ ಪೂರ್ತಿ ಸಿಗುವುದೂ ಇಲ್ಲ. 5 ನಿಮಿಷದ ಸರಾಸರಿಯಲ್ಲಿ ಇದು ಕಾಣುವುದು ಹೇಗೆ? ಬಳಕೆದಾರರಿಗೆ ಮಾತ್ರ ಕಾಣುತ್ತದೆ. ಕೊನೆಯ ಪ್ಯಾಕೆಟ್ ಕಳೆದುಹೋದರೆ ಲಿನಕ್ಸ್ ಅದನ್ನು ಮತ್ತೆ ಕಳಿಸಲು ಕನಿಷ್ಠ 200 ಮಿಲಿಸೆಕೆಂಡಿನಷ್ಟು ಕಾಯಬೇಕಾಗಬಹುದು.

ಡಿಸ್ಕಾರ್ಡ್ ಕೌಂಟರನ್ನು 10 ಸೆಕೆಂಡಿಗೊಮ್ಮೆ ಓದಿ, ಸ್ವಿಚ್ ಕೊಡುವುದಾದರೆ ಕ್ಯೂ (ಬಫರಿನಲ್ಲಿ ಕಾಯುವ ಪ್ಯಾಕೆಟ್‌ಗಳ ಸಾಲು) ಮುಟ್ಟಿದ ಗರಿಷ್ಠ ಮಟ್ಟವನ್ನೂ ದಾಖಲಿಸಿ. ಅಪ್ಲಿಕೇಶನ್‌ನಲ್ಲಿ ಒಮ್ಮೆಗೆ ಹೋಗುವ ಕೋರಿಕೆಗಳನ್ನು ಕಡಿಮೆ ಮಾಡುವುದೇ ನಮ್ಮ ಮೊದಲ ಸಲಹೆ. ಆಮೇಲೆ ಇಸಿಎನ್ ಗುರುತು (ದಟ್ಟಣೆ ಇದೆ, ನಿಧಾನಿಸಿ ಎಂದು ಪ್ಯಾಕೆಟ್ಟಿನಲ್ಲೇ ಕೊಡುವ ಸೂಚನೆ) ಹಾಕುವುದನ್ನು ಸ್ವಿಚ್ ಮತ್ತು ಸರ್ವರ್ ಎರಡರಲ್ಲೂ ಚಾಲೂ ಮಾಡಿ. ಒಂದೇ ಕಡೆ ಮಾಡಿದರೆ ಪ್ರಯೋಜನವಿಲ್ಲ.

ಪ್ರಶ್ನೆ: 10 ಗಿಗಾಬಿಟ್ಟಿನ ನಾಲ್ಕು ಲಿಂಕ್‌ಗಳನ್ನು ಎಲ್‌ಎಸಿಪಿಯಿಂದ (ಹಲವು ಲಿಂಕ್‌ಗಳನ್ನು ಒಂದಾಗಿ ಬಳಸುವ ವಿಧಾನ) ಕಟ್ಟಿದ್ದೇವೆ. ಬ್ಯಾಕಪ್ 10 ದಾಟುತ್ತಿಲ್ಲ.

ಉತ್ತರ: ದಾಟುವುದೂ ಇಲ್ಲ. ಪ್ಯಾಕೆಟ್‌ಗಳ ಕ್ರಮ ಕೆಡಬಾರದೆಂದು ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಹ್ಯಾಶ್ (ವಿಳಾಸಗಳಿಂದ ಲಿಂಕನ್ನು ನಿರ್ಧರಿಸುವ ಲೆಕ್ಕ) ಆರಿಸಿದ ಒಂದೇ ಲಿಂಕಿನಲ್ಲಿ ಸಾಗುತ್ತವೆ. ಹ್ಯಾಶಿಗೆ ಐಪಿ ಜೊತೆ ಟಿಸಿಪಿ ಪೋರ್ಟ್ ಸಂಖ್ಯೆಯನ್ನೂ ಸೇರಿಸಿ, ಬ್ಯಾಕಪ್ ತಂತ್ರಾಂಶದಲ್ಲಿ 8 ಅಥವಾ 16 ಸಮಾನಾಂತರ ಸಂಪರ್ಕ ತೆರೆಯಿರಿ. ನಾಲ್ಕೇ ತೆರೆದರೆ ಎರಡು ಒಂದೇ ಲಿಂಕಿಗೆ ಬಿದ್ದು ಇನ್ನೊಂದು ಲಿಂಕ್ ಖಾಲಿ ಉಳಿಯುವ ಸಂಭವ ಹೆಚ್ಚು.