ಸರ್ಕಾರಿ ಕಾಮಗಾರಿಯಲ್ಲಿ ನೇಪಾಳಿ ಕಾರ್ಮಿಕರು
ಗುತ್ತಿಗೆದಾರರಾದ ನೀವು ಉಡುಪಿಯಲ್ಲಿ ನಡೆಸುತ್ತಿರುವ ಸರ್ಕಾರಿ ರಸ್ತೆ ಕಾಮಗಾರಿಯಲ್ಲಿರುವ ನಾಲ್ವರು ನೇಪಾಳಿಗಳ ಉದ್ಯೋಗ ವೀಸಾ ತೋರಿಸಿದರಷ್ಟೇ ಬಿಲ್ಲಿನ ಹಣ ಎಂದು ಎಂಜಿನಿಯರ್ ಹೇಳಿರುವುದಕ್ಕೆ, ಅವರನ್ನೂ ಇತರ ವಿದೇಶಿಯರ ಸಾಲಿಗೆ ಸೇರಿಸಿರುವುದೇ ಬಹುಶಃ ಕಾರಣ. 1950ರ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೇ ವಿಧಿಯು ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಉಭಯ ದೇಶಗಳ ಪ್ರಜೆಗಳಿಗೆ ಪರಸ್ಪರ ಸಮಾನ ಸವಲತ್ತು ಕೊಡುತ್ತದೆ. ಅವರಿಗೆ ಇಲ್ಲಿ ದುಡಿಯಲು ವೀಸಾ ಬೇಕಿಲ್ಲ.

ಮೊದಲು ಅವರ ಪಾಸ್‌ಪೋರ್ಟ್ ಅಥವಾ ನೇಪಾಳಿ ಪೌರತ್ವ ಪ್ರಮಾಣಪತ್ರದ (ಅವರ ಮಾತಿನಲ್ಲಿ ‘ನಾಗರಿಕತಾ’) ಪ್ರತಿಗಳನ್ನು ಪಡೆದುಕೊಳ್ಳಿ. ಬಳಿಕ ಟೆಂಡರಿನಲ್ಲಿ ‘ಭಾರತೀಯ ಪ್ರಜೆಗಳು ಮಾತ್ರ’ ಎಂಬ ಷರತ್ತು ಇದೆಯೇ ಎಂದು ಓದಿ ನೋಡಿ. ಇದ್ದಲ್ಲಿ 1950ರ ಒಪ್ಪಂದವೊಂದನ್ನೇ ನಂಬಿ ಮುಂದುವರಿಯುವುದು ಸುರಕ್ಷಿತವೆನ್ನಲಾರೆ, ವಕೀಲರನ್ನು ಕೇಳಿ. ಇಲ್ಲದಿದ್ದರೆ, ಪ್ರತಿಗಳನ್ನು ಲಗತ್ತಿಸಿ, ಆಕ್ಷೇಪವು ಯಾವ ನಿಯಮದಡಿ ಎಂದು ಎಂಜಿನಿಯರರಿಗೆ ಲಿಖಿತವಾಗಿ ಕೇಳಿ (ಬಾಯಿಮಾತಿಗೆ ಕಡತ ಕದಲುವುದಿಲ್ಲ), ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.