ಓದುಗರ ಪ್ರಶ್ನೆ: ಕಾಲುವೆ ಜಾಡು ಹಿಡಿದು ಕಪಿಲೇಯ್ರಾ

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಸ್ಪೇನಿನ ಗ್ರನಾದಾ ಪ್ರಾಂತ್ಯದ ಕಪಿಲೇಯ್ರಾ ಎಂಬ ಬೆಟ್ಟದೂರಿನ ಬಗ್ಗೆ ಬರೆದಿದ್ದೆ. ಮಗಳು ಗ್ರನಾದಾದಲ್ಲಿ ಓದುತ್ತಿದ್ದಾಗ ಒಂದು ಮೇ ತಿಂಗಳು, ಮತ್ತೊಂದು ವರ್ಷ ಅಕ್ಟೋಬರ್, ಅಲ್ಲಿ ಬಾಡಿಗೆ ಮನೆ ಹಿಡಿದು ಉಳಿದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಸ್ಪೇನಿಗೆ ಹೋಗುವುದೇ ಜೀವಮಾನದಲ್ಲಿ ಒಂದು ಸಲ. ಗ್ರನಾದಾದಲ್ಲಿ ಅಲ್ಹಾಂಬ್ರಾ ಅರಮನೆ ಇರುವಾಗ ಈ ಹಳ್ಳಿಗೆ ಮೂರು ದಿನ ಯಾಕೆ ಕೊಡಬೇಕು ಮೇಡಂ? ಅಲ್ಲಿ ಇತಿಹಾಸ ಅಂತ ನೋಡಲು ಏನಿದೆ?
— ಓದುಗರು, ದಾವಣಗೆರೆ

ಅಲ್ಹಾಂಬ್ರಾ ಖಂಡಿತ ನೋಡಿ. ಆದರೆ ಆ ಅರಮನೆಯ ಕಥೆ ಮುಗಿದದ್ದು ಅರಮನೆಯಲ್ಲಲ್ಲ, ಈ ಬೆಟ್ಟಗಳಲ್ಲಿ.

1492ರ ಜನವರಿ 2ರಂದು ಗ್ರನಾದಾದ ಕೊನೆಯ ಸುಲ್ತಾನ ಬೊಆಬ್ದಿಲ್ ಊರನ್ನು ಸ್ಪೇನಿನ ಕ್ರೈಸ್ತ ದೊರೆಗಳಾದ ಇಸಾಬೆಲ್ ಮತ್ತು ಫರ್ನಾಂದೊ ದಂಪತಿಗೆ ಒಪ್ಪಿಸಿದ. ಬದಲಿಗೆ ಅವನಿಗೆ ಸಿಕ್ಕಿದ್ದು ಸಿಯೆರ್ರಾ ನೆವಾದಾ ಪರ್ವತದ ದಕ್ಷಿಣದ ಇಳಿಜಾರು, ಅಲ್ಪುಹಾರ್ರಾ ಸೀಮೆ. ಮರುವರ್ಷವೇ ಅವನು ಸಮುದ್ರ ದಾಟಿ ಮೊರಾಕ್ಕೊಗೆ ಹೊರಟುಹೋದ. ಜನ ಮಾತ್ರ ಉಳಿದರು. ನಿಮ್ಮ ಧರ್ಮ, ನಿಮ್ಮ ಆಚಾರ ನಿಮಗೇ ಇರಲಿ ಎಂದು ಕೊಟ್ಟ ಮಾತು ಹತ್ತು ವರ್ಷವೂ ನಿಲ್ಲಲಿಲ್ಲ. ಬಲವಂತದ ಮತಾಂತರ ಬಂತು. 1567ರಲ್ಲಿ ಬಂದ ರಾಜಾಜ್ಞೆ ಅರಬ್ಬಿ ಭಾಷೆ, ಉಡುಪು, ಹೆಸರು, ಸ್ನಾನಗೃಹ ಎಲ್ಲವನ್ನೂ ನಿಷೇಧಿಸಿತು. 1568ರ ಕ್ರಿಸ್‌ಮಸ್ ಹೊತ್ತಿಗೆ ಈ ಬೆಟ್ಟಗಳು ದಂಗೆ ಎದ್ದವು. 1571ರ ಹೊತ್ತಿಗೆ ದಂಗೆ ಅಡಗಿತು. ಗ್ರನಾದಾ ರಾಜ್ಯದಿಂದ ಸುಮಾರು 80,000 ಮೊರಿಸ್ಕೊಗಳನ್ನು, ಅಂದರೆ ಮತಾಂತರಗೊಂಡ ಮುಸ್ಲಿಮರನ್ನು, ಹೊರಗಟ್ಟಿ ಉತ್ತರ ಸ್ಪೇನಿನಿಂದ ಒಕ್ಕಲು ತಂದು ಕೂರಿಸಿದರು.

ಈಗ ಕಪಿಲೇಯ್ರಾದ ಬೀದಿಗೆ ಬನ್ನಿ. ಹೊಸ ಒಕ್ಕಲು ಬಂದರೂ ಮನೆ ಕಟ್ಟುವ ಹಳೆಯ ರೀತಿ ಬದಲಾಗಲಿಲ್ಲ. ಸ್ಪೇನಿನ ಬೇರೆ ಹಳ್ಳಿಗಳಲ್ಲಿ ಕೆಂಪು ಹೆಂಚು. ಇಲ್ಲಿ ಸಪಾಟು ಮಾಳಿಗೆ. ಗೋಡೆಗೆ ಕಲ್ಲು, ಮೇಲೆ ಚೆಸ್ಟ್‌ನಟ್ ಮರದ ತೊಲೆ, ತೊಲೆಯ ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಲೌನಾ ಎಂಬ ಬೂದುಬಣ್ಣದ ಮಣ್ಣು. ಮಳೆ ಬಿದ್ದಾಗ ಆ ಮಣ್ಣು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡು ನೀರನ್ನು ತಡೆಯುತ್ತದೆ. ನಾನು ಹಿರಿಯೂರು ಕಡೆಯವಳು. ಮುಂಗಾರಿಗೆ ಮುಂಚೆ ಅಜ್ಜಿಯ ಮನೆ ಮಾಳಿಗೆಗೆ ಕರಲು ಮಣ್ಣು ಹೊತ್ತು ಹಾಕಿದ ತಲೆ ಇದು. ನಮ್ಮ ಬಾಡಿಗೆ ಮನೆಯೊಡತಿ ಒಂದು ಮುಷ್ಟಿ ಲೌನಾ ನನ್ನ ಅಂಗೈಗೆ ಹಾಕಿ, ಕೃಷ್ಣಪಕ್ಷದಲ್ಲಿ ಹಾಕಿದರೆ ಮಾತ್ರ ಸೋರುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು ಅಂದಾಗ, ಬೆರಳಲ್ಲಿ ಉಜ್ಜುತ್ತಾ ಎಷ್ಟೋ ಹೊತ್ತು ನಿಂತುಬಿಟ್ಟೆ. ಇಂಥದೇ ಮಣ್ಣಿನ ಮಾಳಿಗೆಗಳು ಮೊರಾಕ್ಕೊದ ಅಟ್ಲಾಸ್ ಬೆಟ್ಟದ ಬರ್ಬರ್ ಹಳ್ಳಿಗಳಲ್ಲಿವೆ. ಹೊರಗಟ್ಟಿಸಿಕೊಂಡವರ ಗುರುತು ಬೇಕಾದರೆ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸಾಕು.

ಎರಡು ಮನೆಗಳ ನಡುವೆ ಬೀದಿಯನ್ನೇ ಮುಚ್ಚಿ ಕಟ್ಟಿದ ನೆರಳುದಾರಿಗಳಿವೆ, ತಿನಾವ್ ಅಂತಾರೆ. ಅವನ್ನೂ ಬಿಡದೆ ನೋಡಿ. ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾ, ಒಂದರ ಮೇಲೊಂದು ಕೂತ ಈ ಮೂರೂ ಊರುಗಳನ್ನು 1982ರಲ್ಲಿ ಸಂರಕ್ಷಿತ ಐತಿಹಾಸಿಕ ತಾಣವೆಂದು ಘೋಷಿಸಿದ್ದಾರೆ.

ಅಲ್ಲಿನ ಕಾಲುವೆಗಳು "ಬೆಟ್ಟಕ್ಕೇ ನೀರು ಕುಡಿಸುತ್ತವೆ" ಅಂತ ಬರೆದಿದ್ರಿ. ನಾನು ತೆಂಗು ಬೆಳೆಯುವವನು, ಕೊಳವೆಬಾವಿ ಬತ್ತಿ ಸಾಕಾಗಿದೆ. ಇದು ಹೇಗೆ ಅಂತ ಬಿಡಿಸಿ ಹೇಳಿ ಅಕ್ಕ.
— ರೈತರು, ಅರಸೀಕೆರೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಊರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಇದು.

ಕಾಲುವೆಗೆ ಅಲ್ಲಿ ಅಸೇಕಿಯಾ ಎನ್ನುತ್ತಾರೆ. ಅರಬ್ಬಿ ಮಾತಿನಿಂದ ಬಂದದ್ದು. ಬೆಟ್ಟದ ನೆತ್ತಿಯಲ್ಲಿ ಚಳಿಗಾಲವೆಲ್ಲ ಹಿಮ. ಬೇಸಿಗೆ ಬರುತ್ತಿದ್ದಂತೆ ಅದು ಕರಗಿ ಹಳ್ಳಗಳು ತುಂಬಿ ಹರಿಯುತ್ತವೆ. ಆಗ ಹೊಲಕ್ಕೆ ಅಷ್ಟು ನೀರು ಬೇಕಾಗಿಲ್ಲ. ಬೇಕಾಗುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಹಿಮವೂ ಇಲ್ಲ, ಮಳೆಯೂ ಇಲ್ಲ. ಅಣೆಕಟ್ಟು ಕಟ್ಟಲು ಆ ಕಡಿದಾದ ಇಳಿಜಾರಿನಲ್ಲಿ ಜಾಗವೆಲ್ಲಿ?

ಹಿರಿಯರು ಕಂಡುಕೊಂಡ ದಾರಿ ಇದು. ಹಳ್ಳದ ನೀರನ್ನು ಎತ್ತರದಲ್ಲೇ ತಿರುಗಿಸಿ, ಬೆಟ್ಟದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ, ಬರೀ ಮಣ್ಣಿನ ಕಾಲುವೆಯಲ್ಲಿ ನಿಧಾನವಾಗಿ ಹರಿಸುತ್ತಾರೆ. ಕಲ್ಲು ಸಡಿಲವಾಗಿ ನೆಲ ನೀರು ಕುಡಿಯುವ ಜಾಗ ಬಂದಾಗ ಕಾಲುವೆಯ ಅಂಚು ಕಡಿದು ನೀರನ್ನು ಇಳಿಜಾರಿಗೆ ಬಿಟ್ಟುಬಿಡುತ್ತಾರೆ. ನೀರು ಇಂಗುತ್ತದೆ. ಬಂಡೆಯ ಸಂದುಗಳಲ್ಲಿ ಮೆಲ್ಲಗೆ ಇಳಿಯುತ್ತಾ, ವಾರಗಳೋ ತಿಂಗಳುಗಳೋ ಕಳೆದು, ಕೆಳಗಿನ ಊರುಗಳ ಬಳಿ ಒರತೆಯಾಗಿ ಏಳುತ್ತದೆ. ಇದಕ್ಕೆ ಕರೇಯೊ ಅನ್ನುತ್ತಾರೆ. ಮಧ್ಯಯುಗದ ಮುಸ್ಲಿಂ ರೈತರ ಕಾಲದಿಂದ ನಡೆದು ಬಂದದ್ದು. ಎಲ್ಲಿ ಬಿಟ್ಟ ನೀರು ಯಾವ ಒರತೆಗೆ ಹೋಗುತ್ತದೆ ಎಂಬುದು ಕಾಲುವೆ ನೋಡಿಕೊಳ್ಳುವವನ ತಲೆಯಲ್ಲಿರುತ್ತದೆ. ಅವನಿಗೆ ಅಸೇಕಿಯೇರೊ ಎಂದು ಹೆಸರು. ನಮ್ಮ ನೀರುಗಂಟಿ ಅಂದುಕೊಳ್ಳಿ.

ನನ್ನ ಅಜ್ಜ ನಮ್ಮೂರ ಕೆರೆಗೆ ನೀರುಗಂಟಿ. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದನ್ನು ಅವರು ಎಲ್ಲೂ ಬರೆದಿಡಲಿಲ್ಲ. ಅವರ ಜೊತೆ ಅದೂ ಹೋಯಿತು. ಕಪಿಲೇಯ್ರಾದ ಮೇಲಿನ ಕಾಲುವೆಯ ಬಳಿ ಮೇ ತಿಂಗಳ ಒಂದು ಬೆಳಿಗ್ಗೆ, ಎಪ್ಪತ್ತು ದಾಟಿದ ಒಬ್ಬರು ಗುದ್ದಲಿಯಿಂದ ಎರಡು ಹೆಂಟೆ ಹುಲ್ಲುಮಣ್ಣು ಕಿತ್ತು ನೀರಿನ ದಾರಿ ತಿರುಗಿಸಿದ್ದನ್ನು ಕಂಡೆ. ಬಾಗಿದ ಬೆನ್ನು, ಮಡಿಚಿದ ತೋಳು, ನೀರಿನ ಸದ್ದು ಬದಲಾದೊಡನೆ ಕಿವಿಗೊಟ್ಟು ನಿಂತ ರೀತಿ, ಎಲ್ಲವೂ ಅಜ್ಜನದೇ. ನನಗೆ ಅವರ ಭಾಷೆ ಬರದು, ಅವರಿಗೆ ನನ್ನದು. ಗುದ್ದಲಿ ಕೇಳಿ ಇಸಿದುಕೊಂಡು ಇನ್ನೊಂದು ಹೆಂಟೆ ನಾನೇ ಕಿತ್ತೆ.

ದಂಗೆಯ ಬಳಿಕ ಎಲ್ಲರನ್ನೂ ಹೊರಗಟ್ಟಿದಾಗ, ಹೊಸ ಒಕ್ಕಲಿಗೆ ನೀರಿನ ಲೆಕ್ಕ ಕಲಿಸಲೆಂದು ಊರಿಗೆ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರು ಎಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ನಿಮಗೆ ಉಪಯೋಗವಾಗುವ ಇನ್ನೊಂದು ಸಂಗತಿ. ಮಣ್ಣಿನ ಕಾಲುವೆ ಸೋರುತ್ತದೆ, ನೀರು ಪೋಲು ಎಂದು ಕೆಲವು ಕಡೆ ಅದನ್ನು ಪೈಪಿಗೆ ಹಾಕಿದರು. ಕಾಲುವೆಯ ಕೆಳಗಿನ ಚೆಸ್ಟ್‌ನಟ್ ಮರಗಳು ಬದುಕಿದ್ದೇ ಆ ಸೋರಿಕೆಯಿಂದ. ಊರು ಬಿಟ್ಟು ಯುವಕರು ಹೋದ ಮೇಲೆ ಹೂಳು ತೆಗೆಯುವವರಿಲ್ಲದೆ ಎಷ್ಟೋ ಕಾಲುವೆಗಳು ಮುಚ್ಚಿಹೋದವು. 2014ರಲ್ಲಿ ಗ್ರನಾದಾ ವಿಶ್ವವಿದ್ಯಾಲಯದವರು ಇದೇ ಸೀಮೆಯ ಕಾನ್ಯಾರ್ ಎಂಬ ಊರಿನಲ್ಲಿ, ದಶಕಗಳಿಂದ ಒಣಗಿ ಬಿದ್ದಿದ್ದ ಬಾರ್ಹಾಸ್ ಕಾಲುವೆಯನ್ನು ಊರವರು ಮತ್ತು ಸ್ವಯಂಸೇವಕರ ಜೊತೆ ಸೇರಿ ಅಗೆದು ಮತ್ತೆ ಹರಿಸಿದರು. ಆಮೇಲೆ ಬೇರೆ ಊರುಗಳಲ್ಲೂ ಅದೇ ಕೆಲಸ ಮುಂದುವರಿದಿದೆ. ಅವರ ಬಂಡೆ ಬೇರೆ, ನಮ್ಮ ಬಂಡೆ ಬೇರೆ. ಅವರಿಗೆ ಹಿಮ, ನಮಗೆ ಮಳೆ. ಅಲ್ಲಿದ್ದದ್ದನ್ನು ಹಾಗೇ ತಂದು ನಿಮ್ಮ ತೋಟದಲ್ಲಿ ಮಾಡಿ ಎನ್ನಲಾರೆ. ಆದರೆ ನಿಮ್ಮೂರ ಹಳೆಯ ನೀರುಗಂಟಿ ಯಾರಾದರೂ ಬದುಕಿದ್ದರೆ ಈ ವಾರವೇ ಹೋಗಿ ಮಾತಾಡಿಸಿ, ಬರೆದಿಟ್ಟುಕೊಳ್ಳಿ.

ನನಗೆ 66. ಮೊಣಕಾಲು ಅಷ್ಟಕ್ಕಷ್ಟೆ. ನಡೆಯುವ ಆಸೆ ಇದೆ. ಯಾವ ದಾರಿ ಹೇಳುತ್ತೀರಿ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಮೂರು ಊರುಗಳನ್ನು ಜೋಡಿಸುವ ಹಳೆಯ ಕಾಲುದಾರಿ ಮೂರು-ನಾಲ್ಕು ಕಿಲೋಮೀಟರ್. ಪಂಪನೇಯ್ರಾ ಸುಮಾರು 1,050 ಮೀಟರ್ ಎತ್ತರದಲ್ಲಿದೆ, ಕಪಿಲೇಯ್ರಾ 1,436ರಲ್ಲಿ. ಎಲ್ಲರೂ ಕೆಳಗಿನಿಂದ ಹತ್ತುತ್ತಾರೆ. ಇಳಿಯುವಾಗ ಮೊಣಕಾಲಿಗೆ ಹೆಚ್ಚು ಪೆಟ್ಟು ಅನ್ನುವುದಾದರೆ ನೀವೂ ಹತ್ತಿ, ವಾಪಸು ಬಸ್ಸಿನಲ್ಲಿ ಬನ್ನಿ. ನಡುವೆ ಬುಬಿಯೋನ್‌ನಲ್ಲಿ ಹಳೆಯ ಮನೆಯೊಂದನ್ನು ಸಾಮಾನು ಸಮೇತ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ದಣಿವಾರಿಸಿಕೊಳ್ಳಲು ಒಳ್ಳೆಯ ಜಾಗ.

ಇನ್ನೂ ನಡೆಯುವ ಶಕ್ತಿ ಇದ್ದರೆ ಕಪಿಲೇಯ್ರಾದಿಂದ ಪೊಕೇಯ್ರಾ ಹೊಳೆಯ ಕಣಿವೆಗೆ ಇಳಿದು ಅಬುಚಿತೆ ಸೇತುವೆಯ ತನಕ ಹೋಗಬಹುದು. ದಾರಿಯಲ್ಲಿ ಕಲ್ಲು ಹಾಸಿದ ದುಂಡನೆಯ ಬಯಲುಗಳು ಸಿಗುತ್ತವೆ. ಎರಾ ಎನ್ನುತ್ತಾರೆ. ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ, ಅದು ಕಣ. ನಮ್ಮಲ್ಲಿ ಎತ್ತು ತುಳಿದರೆ ಅಲ್ಲಿ ಹೇಸರಗತ್ತೆ ತುಳಿಯುತ್ತಿತ್ತು. ಗಾಳಿ ಬೀಸುವ ದಿಣ್ಣೆಯ ಮೇಲೇ ಕಟ್ಟಿದ್ದಾರೆ, ತೂರಲು ಅನುಕೂಲವಾಗಲಿ ಎಂದು.

ಗುರುತುಗಳ ಬಗ್ಗೆ ಎಚ್ಚರ. ಸಣ್ಣ ದಾರಿಗಳಿಗೆ ಬಿಳಿ-ಹಳದಿ ಪಟ್ಟೆ, ದೂರದ ದಾರಿಗೆ ಬಿಳಿ-ಕೆಂಪು. ಪಟ್ಟೆಗಳು ಅಡ್ಡಹಾಯ್ದು ಗುಣಾಕಾರದ ಚಿಹ್ನೆಯಂತಿದ್ದರೆ ಆ ಕಡೆ ಹೋಗಬೇಡಿ ಎಂದರ್ಥ. ಅಕ್ಟೋಬರಿನ ಒಂದು ಮಂಜಿನ ದಿನ ನಾನು ಆ ಚಿಹ್ನೆಯನ್ನು ಗಮನಿಸದೆ ಆಡಿನ ಜಾಡು ಹಿಡಿದುಬಿಟ್ಟೆ. ಅರ್ಧ ಗಂಟೆ ಒಂದು ಪಟ್ಟೆಯೂ ಕಾಣಲಿಲ್ಲ. ಕೊನೆಗೆ ನೀರಿನ ಸದ್ದು ಕೇಳಿಸಿತು. ಕಾಲುವೆಯ ಏರಿ ಹಿಡಿದು, ನೀರು ಹೋದತ್ತ ಹೋಗಿ ಊರು ಸೇರಿದೆ. ಒಬ್ಬರೇ ಹೋಗಬೇಡಿ, ಮನೆಯವರಿಗೆ ದಾರಿ ಹೇಳಿ ಹೊರಡಿ.

ಮುಲಾಸೇನ್ ಶಿಖರ 3,479 ಮೀಟರ್, ಬೊಆಬ್ದಿಲನ ತಂದೆಯ ಹೆಸರು ಹೊತ್ತದ್ದು. ಅದನ್ನು ಹತ್ತುವ ಮಾತು ಬೇಡ. ಆದರೆ ಬೇಸಿಗೆಯಲ್ಲಿ ಕಪಿಲೇಯ್ರಾದಿಂದ ರಾಷ್ಟ್ರೀಯ ಉದ್ಯಾನದ ಸಣ್ಣ ಬಸ್ಸು ಸುಮಾರು 2,700 ಮೀಟರಿನ ತನಕ ಹೋಗುತ್ತದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಅನ್ನುವುದನ್ನು ನೆನೆಸಿಕೊಂಡರೆ ಆ ಎತ್ತರ ಅಂದಾಜಾಗುತ್ತದೆ. ಕೂತೇ ನೋಡಿ ಬನ್ನಿ, ಬೆಚ್ಚನೆಯ ಉಡುಪು ಇರಲಿ.

ನಾವು ಶುದ್ಧ ಸಸ್ಯಾಹಾರಿಗಳು. ಆ ಸೀಮೆ ಹಂದಿಮಾಂಸಕ್ಕೆ ಹೆಸರುವಾಸಿಯಂತೆ. ಗತಿ ಏನು?
— ಗೃಹಿಣಿ, ಪುತ್ತೂರು

ನಿಜ, ಪಕ್ಕದ ತ್ರೆವೇಲೆಸ್ ಊರು ಅದಕ್ಕೇ ಪ್ರಸಿದ್ಧ. ನಿಮಗೆ ಸಿಗುವುದು "ಪಾಪಾಸ್ ಆ ಲೊ ಪೋಬ್ರೆ", ಬಡವರ ಆಲೂಗಡ್ಡೆ ಎಂದರ್ಥ: ಆಲೂಗಡ್ಡೆ, ದೊಣ್ಣೆಮೆಣಸು, ಈರುಳ್ಳಿ, ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ್ದು. ಮೇಲೆ ಮೊಟ್ಟೆ ಬೇಡ ಎಂದು ಮೊದಲೇ ಹೇಳಿ. "ಸಿನ್ ಕಾರ್ನೆ" ಎಂದರೆ ಮಾಂಸವಿಲ್ಲದೆ ಎಂದರ್ಥ, ಆದರೆ ಹಂದಿಯ ಹಮೋನ್ ಚೂರುಗಳನ್ನು ಕೆಲವರು ಮಾಂಸವೆಂದು ಎಣಿಸುವುದಿಲ್ಲ. "ಸಿನ್ ಹಮೋನ್" ಅಂತಲೂ ಸೇರಿಸಿ. ಬ್ರೆಡ್ಡಿನ ಪುಡಿಯ ಮಿಗಾಸ್ ಸಾಮಾನ್ಯವಾಗಿ ಮಾಂಸದ ಜೊತೆಗೇ ಬರುತ್ತದೆ, ಕೇಳದೆ ತಿನ್ನಬೇಡಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ನೆಮ್ಮದಿ. ಅಕ್ಟೋಬರಿನಲ್ಲಿ ವಾಲ್‌ನಟ್, ಬಾದಾಮಿ, ಚೆಸ್ಟ್‌ನಟ್ ಹೇರಳ. ಸಾರಿನ ಪುಡಿ ಮಾತ್ರ ಮನೆಯಿಂದ ಒಯ್ಯಿರಿ.

ಆ ಹಳ್ಳಿಗೂ ನಮ್ಮ ಬೈಲಕುಪ್ಪೆಗೂ ನಂಟಿದೆ ಎಂದು ಒಂದೇ ಸಾಲು ಬರೆದು ಬಿಟ್ಟಿರಿ. ಏನದು?
— ಕಾಲೇಜು ವಿದ್ಯಾರ್ಥಿನಿ, ಕುಶಾಲನಗರ

ಪುಟದಲ್ಲಿ ಜಾಗ ಸಾಲಲಿಲ್ಲಮ್ಮ. ಬುಬಿಯೋನ್ ಎದುರಿನ ಇಳಿಜಾರಿನಲ್ಲಿ ಓ ಸೆಲ್ ಲಿಂಗ್ ಎಂಬ ಟಿಬೆಟನ್ ಬೌದ್ಧ ಧ್ಯಾನಕೇಂದ್ರವಿದೆ. ಲಾಮಾ ತುಬ್ತೆನ್ ಯೇಶೆ ಅವರ ಬಳಗ 1980ರಲ್ಲಿ ಶುರು ಮಾಡಿದ್ದು. 1982ರಲ್ಲಿ ದಲೈ ಲಾಮಾ ಬಂದು ಈ ಹೆಸರಿಟ್ಟರು; ತಿಳಿಬೆಳಕಿನ ತಾಣ ಎಂದರ್ಥ. 1984ರಲ್ಲಿ ಲಾಮಾ ಯೇಶೆ ತೀರಿಕೊಂಡರು. ಮರುವರ್ಷ, ಈ ಕೇಂದ್ರಕ್ಕಾಗಿ ದುಡಿದ ಸ್ಪೇನಿನ ದಂಪತಿಗೆ ಹುಟ್ಟಿದ ಗಂಡುಮಗುವನ್ನು ಅವರ ಪುನರ್ಜನ್ಮವೆಂದು ಗುರುತಿಸಲಾಯಿತು. ಆ ಹುಡುಗ ಓಸೆಲ್ ಬೆಳೆದು ಓದಿದ್ದು ನಿಮ್ಮೂರ ಪಕ್ಕದ ಬೈಲಕುಪ್ಪೆಯ ಸೆರಾ ಮಠದಲ್ಲಿ. ಹದಿನೆಂಟರ ಹೊತ್ತಿಗೆ ಮಠ ಬಿಟ್ಟು ಸ್ಪೇನಿಗೆ ಮರಳಿದರು. ಎದುರು ಬೆಟ್ಟದಲ್ಲಿ ಪತಾಕೆಗಳು ಗಾಳಿಗೆ ಆಡುವುದನ್ನು ಕಂಡಾಗ ನನಗೆ ನೆನಪಾದದ್ದು ಬೈಲಕುಪ್ಪೆಯ ಮೆಕ್ಕೆಜೋಳದ ಹೊಲಗಳು. ಕೇಂದ್ರಕ್ಕೆ ಹೊರಗಿನವರಿಗೆ ನಿಗದಿತ ವೇಳೆ ಇದೆ, ವಿಚಾರಿಸಿ ಹೋಗಬೇಕು.

ಮಗುವಿಗೆ ಐದು ವರ್ಷ. ಯಾವಾಗ, ಹೇಗೆ ಹೋಗುವುದು ಒಳ್ಳೆಯದು?
— ಕನ್ನಡಿಗ ದಂಪತಿ, ಮ್ಯೂನಿಕ್

ಮೇ ಕೊನೆ ಅಥವಾ ಜೂನ್ ಮೊದಲು, ಕಾಲುವೆಗಳು ತುಂಬಿರುವಾಗ. ಗ್ರನಾದಾದಿಂದ ಬಸ್ಸಿದೆ, ಎರಡೂವರೆ ಗಂಟೆಯ ದಾರಿ. ದಿನಕ್ಕೆ ಕೆಲವೇ ಬಸ್ಸು, ಹಾಗಾಗಿ ಹಿಂದಿನ ದಿನವೇ ವೇಳೆ ನೋಡಿಕೊಳ್ಳಿ. ತಿರುವುಗಳು ಬಹಳ, ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ. ಮಧ್ಯಾಹ್ನ ಎರಡರಿಂದ ಐದರ ತನಕ ಅಂಗಡಿಗಳಿಗೆ ಬಾಗಿಲು ಹಾಕಿರುತ್ತಾರೆ. ಹೋಟೆಲಿನಲ್ಲಿ ರಾತ್ರಿಯೂಟ ಎಂಟೂವರೆಗೆ ಮುಂಚೆ ಸಿಗುವುದು ಕಷ್ಟ, ಮಗುವಿಗೆ ಬೇರೆ ಏರ್ಪಾಡು ಇರಲಿ. (ಇಲ್ಲಿಂದ ಹೋಗುವವರು ಷೆಂಗೆನ್ ವೀಸಾಗೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನಕ್ಕೆ ಬಿಡಬೇಡಿ.) ಮೇಲಿನ ಕಾಲುವೆಯ ಬಳಿ ಮಗುವಿನ ಕೈಗೆ ಒಂದು ಎಲೆ ಕೊಟ್ಟು ನೀರಿಗೆ ಬಿಡಲು ಹೇಳಿ. ಕಾಲುವೆ ನಿಧಾನ, ಏರಿಯ ಮೇಲೆ ಅದರ ಜೊತೆಜೊತೆಗೇ ನಡೆಯಬಹುದು.