ಹೆಡ್‌ಲೈಟ್ ಹಾಕಿದಾಗ ಮೀಟರಿನ ಮುಳ್ಳುಗಳು ಏರುವುದೇಕೆ?

ಪ್ರಶ್ನೆ: ನಮ್ಮದು 12 ವೋಲ್ಟ್ ಬ್ಯಾಟರಿಯ ಹಳೆಯ ಡೀಸೆಲ್ ಜೀಪು. ರೋಣದ ಕಡೆಯಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸಲು ಬಳಸುತ್ತೇವೆ. ಹೆಡ್‌ಲೈಟ್ ಹಾಕಿದೊಡನೆ ಡೀಸೆಲ್ ಮತ್ತು ಟೆಂಪರೇಚರ್ ಮುಳ್ಳುಗಳೆರಡೂ ಏರುತ್ತವೆ, ಆರಿಸಿದರೆ ಇಳಿಯುತ್ತವೆ. ಮೆಕ್ಯಾನಿಕ್ ಒಬ್ಬರು ಇಡೀ ಮೀಟರ್ ಬೋರ್ಡನ್ನೇ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇಬೇಕೇ?
— ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಈಗಲೇ ಬೇಡ. ಡೀಸೆಲ್ ಮುಳ್ಳನ್ನು ಟ್ಯಾಂಕಿನೊಳಗಿನ ಫ್ಲೋಟ್ ಆಡಿಸಿದರೆ, ಟೆಂಪರೇಚರ್ ಮುಳ್ಳನ್ನು ಇಂಜಿನ್ನಿನ ಸೆನ್ಸರ್ ಆಡಿಸುತ್ತದೆ. ಇವೆರಡೂ ಒಂದೇ ಸಲ ಕೆಡುವುದು ಅಪರೂಪವಾದ್ದರಿಂದ, ಎರಡಕ್ಕೂ ಸೇರಿದ ಜಾಗವನ್ನೇ ಮೊದಲು ನೋಡಬೇಕು. ನೀವು ಹೇಳಿದ ಲಕ್ಷಣ ಬಹುಮಟ್ಟಿಗೆ ಮೀಟರ್ ಬೋರ್ಡಿನ ಅರ್ಥಿಂಗ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ದಾರಿ) ಕಡೆಗೆ ಬೊಟ್ಟು ಮಾಡುತ್ತದೆ. ಹೆಡ್‌ಲೈಟಿನ ಜೊತೆಗೆ ಹೊತ್ತಿಕೊಳ್ಳುವ ಮೀಟರಿನ ದೀಪಗಳ ಕರೆಂಟೂ ಅದೇ ಅರ್ಥ್ ವೈರಿನಲ್ಲಿ ಹಿಂದಿರುಗಬೇಕಾಗಿದ್ದು, ಅಲ್ಲಿ ತುಕ್ಕು ಹಿಡಿದಿದ್ದರೆ ಅಥವಾ ಸ್ಕ್ರೂ ಸಡಿಲವಾಗಿದ್ದರೆ ವೋಲ್ಟೇಜ್ ಏರುಪೇರಾಗಿ ಮುಳ್ಳುಗಳು ತಪ್ಪು ತೋರಿಸುತ್ತವೆ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು, ಕಪ್ಪು ವೈರನ್ನು ಬ್ಯಾಟರಿಯ ನೆಗೆಟಿವ್‌ಗೂ ಕೆಂಪು ವೈರನ್ನು ಮೀಟರ್ ಬೋರ್ಡಿನ ಅರ್ಥ್ ತುದಿಗೂ ಹಿಡಿದು, ಕೀ ಆನ್ ಮಾಡಿ ಹೆಡ್‌ಲೈಟ್ ಹಾಕಿರಿ. 0.1 ವೋಲ್ಟಿನ ಆಸುಪಾಸು ಬಂದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟನ್ನು ದಾಟಿದರೆ ದೋಷ ಅಲ್ಲೇ ಇದೆ. ಆಗ ಆ ತುದಿಯಿಂದ ಬ್ಯಾಟರಿಯ ನೆಗೆಟಿವ್‌ಗೆ ತಾತ್ಕಾಲಿಕವಾಗಿ ಒಂದು ವೈರ್ ಎಳೆದು ನೋಡಿರಿ, ಮುಳ್ಳುಗಳು ಏರದೆ ನಿಂತರೆ ಅನುಮಾನಕ್ಕೆ ಎಡೆಯಿಲ್ಲ. ಅರ್ಥ್ ಸ್ಕ್ರೂ ಬಿಚ್ಚಿ, ಪೇಂಟು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸ್ಲಿನ್ ಸವರಿರಿ. ಎರೆಹೊಲದಲ್ಲಿ ಓಡಾಡುವ ಗಾಡಿಯಾದ್ದರಿಂದ ಚಾಸಿಗೂ ಬ್ಯಾಟರಿಗೂ ನಡುವಿನ ದಪ್ಪ ಅರ್ಥ್ ಪಟ್ಟಿಯನ್ನೂ ಬಿಡದೆ ನೋಡಬೇಕು. ಮೆತ್ತಿಕೊಂಡ ಎರೆಮಣ್ಣು ತೇವವನ್ನು ಬಹಳ ದಿನ ಹಿಡಿದಿಟ್ಟು, ಹೊರಗೆ ಕಾಣದಂತೆ ಒಳಗೇ ತುಕ್ಕು ಹಿಡಿಸುತ್ತದೆ.

ಅರ್ಥಿಂಗ್ ಸರಿಯಿದ್ದೂ ಮುಳ್ಳುಗಳು ಏರಿದರೆ, ಮೀಟರಿನ ಹಿಂದೆ ಮುಳ್ಳುಗಳಿಗೆ ಹೋಗುವ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಚಿಕ್ಕ ವೋಲ್ಟೇಜ್ ಸ್ಟೆಬಿಲೈಸರ್ ಇದೆಯೇ ನೋಡಿರಿ. ಹಳೆಯ ಮಾದರಿಯದು ಕರೆಂಟನ್ನು ಬಿಟ್ಟು ಬಿಟ್ಟು ಕೊಡುವುದರಿಂದ ಅದರ ಔಟ್‌ಪುಟ್‌ನಲ್ಲಿ ಮಲ್ಟಿಮೀಟರಿನ ಅಂಕಿ ಕುಣಿಯುವುದು ಸಹಜ. ಕುಣಿಯದೆ ಒಂದೇ ಸಮನೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬಂದರೆ ಮಾತ್ರ ಅದನ್ನು ಬದಲಿಸಬೇಕು.

ಇದೆಲ್ಲ ಮುಗಿಯುವವರೆಗೆ ಟೆಂಪರೇಚರ್ ಮುಳ್ಳನ್ನು ನಂಬಿ ಲೋಡ್ ಹೇರಿಕೊಂಡು ಹೊರಡಬೇಡಿರಿ. ದಿನವೂ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ, ರೇಡಿಯೇಟರಿನ ನೀರಿನ ಮಟ್ಟ ನೋಡಿಕೊಳ್ಳಿರಿ.